ಕೇಳಿದಷ್ಟೇ ದುಡ್ಡಿಗೆ ಲೀಸ್ ಮನೆ ಸಿಕ್ಕಿದೆ, ಇದು ಪ್ರಾರ್ಥನೆಗೆ ಬಂದ ಉತ್ತರವೇ?

ದೇವರೇ ಈ ಮನೆ ಕೊಟ್ಟರು ಅಂತ ಈ ಭಾನುವಾರವೇ ಚರ್ಚ್ ಸಭೆಯಲ್ಲಿ ಎಲ್ಲರ ಮುಂದೆ ಸಾಕ್ಷಿ ಹೇಳ್ತೀನಿ ಅಂತ ಬರೆದಿದ್ದೀರಲ್ಲ, ದಯವಿಟ್ಟು ಸ್ವಲ್ಪ ತಡೀರಿ. ಮಿಕ್ಕಿದ್ದು ಆಮೇಲೆ.

ಊರಲ್ಲಿ ನಮ್ಮವರ ಪಾಲಿಗೆ ಬಂದ ಜಮೀನು ಮಾರಿದ ದುಡ್ಡಿಗೆ ನನ್ನ ಸರ ಅಡವಿಟ್ಟದ್ದೂ ಸೇರಿಸಿ 12 ಲಕ್ಷ ಒಟ್ಟು ಮಾಡಿದ್ದೆವು. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ ಸಾಕಾಗಿತ್ತು. ಎರಡು ರೂಮಿನ ಮನೆ, ಭೋಗ್ಯಕ್ಕೆ (ಲೀಸ್ ಅಂತೀವಲ್ಲ, ಒಟ್ಟಿಗೆ ದುಡ್ಡು ಕೊಟ್ಟು ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ವಾಪಸ್ ತಗೊಳ್ಳೋದು), ಮಗಳ ಸ್ಕೂಲಿಗೂ ಸಭೆಗೂ ನಡೆದು ಹೋಗುವಷ್ಟು ಹತ್ತಿರ ಅಂತ ಒಂದು ಚೀಟಿಯಲ್ಲಿ ಬರೆದು ಬೈಬಲಿನೊಳಗೆ ಇಟ್ಟು ಉಪವಾಸ ಪ್ರಾರ್ಥನೆಗೆ ಕೂತೆ. ಆಮೆನ್ ಅಂದು ಏಳುವಷ್ಟರಲ್ಲಿ ಬ್ರೋಕರ್ ಫೋನು. ಮನೆ ಇದೆ, ಸರಿಯಾಗಿ 12 ಲಕ್ಷ. ಹೋಗಿ ನೋಡಿದರೆ ಬಾಗಿಲ ಮೇಲೆ, ಹಿಂದೆ ಇದ್ದವರು ಬಿಟ್ಟುಹೋದ ಮರದ ಫಲಕ, ಅದರಲ್ಲಿ ಬೈಬಲಿನ 23ನೇ ಕೀರ್ತನೆಯ ಮೊದಲ ಸಾಲು. ಓನರ್ ನಮ್ಮ ಧರ್ಮದವರೂ ಅಲ್ಲ. ನನಗೆ ಅಲ್ಲೇ ಕಣ್ಣು ತುಂಬಿ ಬಂತು. ಹಿಂದಿದ್ದವರು ಅಷ್ಟು ಚೆಂದದ ಫಲಕವನ್ನೂ ಬಿಟ್ಟು ಯಾಕೆ ಅಷ್ಟು ಅವಸರದಲ್ಲಿ ಹೋದರು ಅಂತ ಕೇಳಬೇಕು ಅನ್ನಿಸಲೇ ಇಲ್ಲ.

ಕಾಗದಪತ್ರ ನೋಡದೆ ದುಡ್ಡು ಕೊಟ್ಟದ್ದು ನಮ್ಮ ತಪ್ಪು ಅಂತ ನೆಂಟರೆಲ್ಲ ಹೇಳ್ತಾರೆ. ನಿಜ, ಆದರೆ ಅದಕ್ಕೂ ಮುಂಚೆ ನಾನೊಂದು ತಪ್ಪು ಮಾಡಿದ್ದೆ. ಟೋಕನ್ ಕೊಟ್ಟ ಮಾರನೇ ದಿನ ಭಾನುವಾರ. ಆರಾಧನೆಯಲ್ಲಿ ಎದ್ದು ನಿಂತು, ದೇವರು ರೂಪಾಯಿ ಲೆಕ್ಕದಲ್ಲಿ ನನ್ನ ಪ್ರಾರ್ಥನೆ ಕೇಳಿದರು ಅಂತ ಅಳುತ್ತಾ ಸಾಕ್ಷಿ ಹೇಳಿಬಿಟ್ಟೆ. ಎಲ್ಲರೂ ಸ್ತೋತ್ರ ಅಂದರು. ಅಯ್ಯನವರು ಪ್ರಸಂಗದಲ್ಲೂ ನಮ್ಮ ಮನೆ ವಿಷಯ ತಂದರು. ಮನೆಗೆ ಬಂದಮೇಲೆ ನಮ್ಮವರು, "ಒಂದ್ಸಲ ಇಸಿ ತೆಗೆಸೋಣ ಕಣೇ, ಮೂಲಪತ್ರ ತೋರಿಸಿ ಅಂತ ಕೇಳೋಣ" ಅಂದರು. ಇಸಿ ಅಂದರೆ ಆಸ್ತಿಯ ಮೇಲೆ ಸಾಲಗೀಲ ಇದೆಯಾ ಅಂತ ತೋರಿಸೋ ಋಣಭಾರ ಪತ್ರ. ನಾನು ಉರಿದುಬಿದ್ದೆ. "ದೇವರು ಕೊಟ್ಟದ್ದಕ್ಕೂ ರಸೀದಿ ಕೇಳ್ತೀರಾ?" ಅಂದೆ. ಬಾಯಲ್ಲಿ ವಿಶ್ವಾಸದ ಮಾತು, ಒಳಗೆ ಇದ್ದದ್ದು ಮರ್ಯಾದೆಯ ಪ್ರಶ್ನೆ. ಪತ್ರದಲ್ಲಿ ಏನಾದರೂ ತೊಡಕು ಕಂಡರೆ ಮುಂದಿನ ಭಾನುವಾರ ಯಾವ ಮುಖ ಇಟ್ಟುಕೊಂಡು ಹೋಗಲಿ? ಸಾಕ್ಷಿ ಹೇಳಿದಮೇಲೆ ಆ ಮನೆ ಬೇಡ ಅನ್ನುವ ಸ್ವಾತಂತ್ರ್ಯವೇ ನನಗಿರಲಿಲ್ಲ. ಇನ್ನೊಂದು ವಿಷಯ, ಈಗ ನಗು ಬರುತ್ತೆ: ನಮ್ಮ ಹತ್ತಿರ 12 ಲಕ್ಷ ಇದೆ ಅಂತ ಬ್ರೋಕರ್‌ಗೆ ಹೇಳಿದ್ದೇ ನಾವು. ಅವನು ಇನ್ನೆಷ್ಟು ಹೇಳ್ತಾನೆ?

ನೀವೂ ನಿಮ್ಮ ಬಜೆಟ್ ಬ್ರೋಕರ್‌ಗೆ ಮೊದಲೇ ಹೇಳಿದ್ದಿರಾ? ಹೇಳಿದ್ದರೆ, ಕೇಳಿದಷ್ಟೇ ಮೊತ್ತಕ್ಕೆ ಸಿಕ್ಕಿತು ಅನ್ನೋದನ್ನ ದಯವಿಟ್ಟು ಪವಾಡದ ಲೆಕ್ಕಕ್ಕೆ ಸೇರಿಸಬೇಡಿ.

ಮುಂದಿನದು ಬೆಂಗಳೂರಿನಲ್ಲಿ ಎಷ್ಟೋ ಮನೆಗಳ ಕಥೆ. ಓನರ್ ಬ್ಯಾಂಕ್ ಸಾಲದಲ್ಲಿ ಕಟ್ಟಿದ ಮನೆ, ಕ್ರಯಪತ್ರ ಬ್ಯಾಂಕಿನಲ್ಲೇ ಇತ್ತು. ನಮ್ಮ ದುಡ್ಡು ತಗೊಂಡು ಕಂತು ಕಟ್ಟುವುದನ್ನೂ ನಿಲ್ಲಿಸಿದ್ದ. ನಮ್ಮ ಕೈಯಲ್ಲಿದ್ದದ್ದು ರಿಜಿಸ್ಟರ್ ಆಗದ 11 ತಿಂಗಳ ಕರಾರು. ಸಾಲ ವಸೂಲಿಗೆ 2002ರ ಸರ್ಫೇಸಿ ಕಾಯ್ದೆ ಅಂತ ಇದೆ. ಅದರ ಪ್ರಕಾರ ಬ್ಯಾಂಕ್ ಮೊದಲು ಸಾಲಗಾರನಿಗೆ 60 ದಿನದ ನೋಟಿಸ್ ಕೊಡುತ್ತೆ, ಆಮೇಲೆ ಸ್ವಾಧೀನಕ್ಕೆ ಬರುತ್ತೆ. ಆ ಮೊದಲ ನೋಟಿಸ್ ಹೋದದ್ದು ಓನರ್ ವಿಳಾಸಕ್ಕೆ, ನಮಗೆ ಸುಳಿವೇ ಇಲ್ಲ. ನಮಗೆ ಕಂಡದ್ದು ಎರಡನೆಯದು. ಮಗಳನ್ನು ಸ್ಕೂಲಿಂದ ಕರಕೊಂಡು ಬಂದರೆ ಆ ಫಲಕದ ಕೆಳಗೆ, ಬಾಗಿಲಿಗೆ ಅಂಟಿಸಿದ ಕಾಗದ, ಗೋಂದು ಇನ್ನೂ ಹಸಿ. ಅವಳು ಒಂದೊಂದೇ ಅಕ್ಷರ ಕೂಡಿಸಿಕೊಂಡು ಜೋರಾಗಿ ಓದಿದಳು, "ಸ್ವಾ-ಧೀ-ನ." ಸಾಲ ಮೊದಲು, ಭೋಗ್ಯ ಆಮೇಲೆ, ಅದೂ ಬ್ಯಾಂಕಿನ ಒಪ್ಪಿಗೆ ಇಲ್ಲದೆ. ಬ್ಯಾಂಕಿನ ಮುಂದೆ ನಮ್ಮ ಕರಾರು ನಿಲ್ಲಲ್ಲ ಅಂತ ವಕೀಲರು ಹೇಳಿದರು. ಓನರ್ ಕೊಟ್ಟ ಚೆಕ್‌ಗಳಲ್ಲಿ ಪಾಸಾದವು ಕೆಲವೇ. ಅರ್ಧದಷ್ಟು ದುಡ್ಡೂ ವಾಪಸ್ ಬಂದಿಲ್ಲ.

ಹಾಗಂತ ಪ್ರಾರ್ಥನೆ ಬಿಟ್ಟೆ ಅಂದುಕೋಬೇಡಿ. ಕೀ ಕಾಣದಿದ್ದರೆ, ಮಗಳಿಗೆ ರಾತ್ರಿ ಜ್ವರ ಏರಿದರೆ, ಈಗಲೂ ಮೊದಲು ಬಾಯಿಗೆ ಬರೋದು ಯೇಸಪ್ಪನ ಹೆಸರೇ. ಪಕ್ಕದ ಮನೆ ಕಥೋಲಿಕ ಅಕ್ಕ ಕಳೆದುಹೋದ ವಸ್ತುವಿಗೆಲ್ಲ ಸಂತ ಅಂತೋಣಿಯವರನ್ನ ಕೇಳ್ತಾರೆ, ಹರಕೆ ತೀರಿಸೋಕೆ ಕೆ.ಆರ್. ನಗರದ ಹತ್ತಿರದ ದೋರನಹಳ್ಳಿಗೂ ಹೋಗಿಬರ್ತಾರೆ. ಅದು ನಮ್ಮ ಪದ್ಧತಿಯಲ್ಲ, ಆದರೆ ಅವರ ಕೀ ನನ್ನದಕ್ಕಿಂತ ಬೇಗ ಸಿಗುತ್ತೆ! ನೋಟಿಸ್ ಅಂಟಿಸಿದ ವಾರ ಮನೆ ಕೊಡು ಅಂತ ನಾನು ಕೇಳಲಿಲ್ಲ. ಓನರ್‌ಗೆ ಶಾಪ ಹಾಕದೆ ಒಂದು ರಾತ್ರಿ ನಿದ್ದೆ ಮಾಡಿಸಪ್ಪಾ ಅಂತಷ್ಟೇ ಕೇಳಿದ್ದು. ಸಭೆಯಲ್ಲಿ ನನ್ನ ಜೊತೆ ಎರಡು ಮಾತೂ ಆಡದಿದ್ದ ಒಬ್ಬ ಅಕ್ಕ ಬಂದು, ಮಗಳ ಪರೀಕ್ಷೆ ಮುಗಿಯೋತನಕ ನಮ್ಮ ಮೇಲಿನ ರೂಮಲ್ಲಿರಿ, ಬಾಡಿಗೆ ಮಾತು ಎತ್ತಬೇಡಿ ಅಂದರು. ಅಲ್ಲಿ ನಿದ್ದೆ ಬಂತು. ಅದನ್ನ ಉತ್ತರ ಅನ್ನೋಕೆ ನನಗೆ ಯಾವ ಸಂಕೋಚವೂ ಇಲ್ಲ.

ಬೈಬಲಿನ ಗಿದ್ಯೋನನ ಹಾಗೆ ದೇವರನ್ನ ಇನ್ನೊಂದು ಗುರುತು ಕೇಳಲೇ ಅಂದಿದ್ದೀರಿ. ಬೇಡ. ಗಿದ್ಯೋನ ಕಣದಲ್ಲಿ ಉಣ್ಣೆ ಹಾಸಿ, ಇಬ್ಬನಿಗೆ ಉಣ್ಣೆ ಮಾತ್ರ ನೆನೆಯಲಿ, ನೆಲ ಒಣಗಿರಲಿ ಅಂತ ಗುರುತು ಕೇಳಿದ್ದು, ತಾನು ಏನು ಮಾಡಬೇಕೆಂದು ದೇವರು ಆಗಲೇ ಹೇಳಿಯಾದಮೇಲೆ, ಹೆದರಿಕೆಯಿಂದ. ಒಂದು ರಾತ್ರಿಗೆ ತೃಪ್ತಿಯಾಗದೆ ಮರುರಾತ್ರಿ ತಿರುಗಾಮುರುಗಾ ಮಾಡಿ ಮತ್ತೆ ಕೇಳಿದ. ಮನೆ ಹುಡುಕುವವರಿಗೆ, ಯೆರೂಸಲೇಮಿನ ಗೋಡೆ ಮತ್ತೆ ಕಟ್ಟಿಸಿದ ನೆಹೆಮೀಯನೇ ಸರಿ. ಶತ್ರುಗಳು ಬರ್ತಾರೆ ಅಂತ ಗೊತ್ತಾದಾಗ ಅವನೂ ಅವನ ಜನರೂ ದೇವರಿಗೆ ಮೊರೆಯಿಟ್ಟರು, ಜೊತೆಗೆ ಹಗಲೂ ರಾತ್ರಿ ಕಾವಲೂ ಹಾಕಿದರು. ಬ್ರಿಸ್ಟಲ್‌ನಲ್ಲಿ 1836ರಿಂದ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್ ಯಾರ ಮುಂದೆಯೂ ಕೈಚಾಚದೆ ಬರೀ ಪ್ರಾರ್ಥನೆಯಲ್ಲೇ ನಡೆಸಿದರು ಅಂತ ನಮ್ಮ ಕೂಟಗಳಲ್ಲಿ ಹೇಳ್ತಾನೇ ಇರ್ತಾರೆ. ಅದೇ ಮುಲ್ಲರ್ ಬಂದ ಕಾಣಿಕೆಗೆಲ್ಲ ಲೆಕ್ಕವಿಟ್ಟು, ರಸೀದಿ ಕೊಟ್ಟು, ವರ್ಷವರ್ಷ ವರದಿ ಅಚ್ಚು ಹಾಕಿಸುತ್ತಿದ್ದರು. ಅದನ್ನ ಯಾರೂ ಹೇಳಲ್ಲ.

ಹಾಗಾಗಿ ಇದು ದೇವರ ಉತ್ತರವೋ ಅಲ್ಲವೋ ಅನ್ನೋ ಪ್ರಶ್ನೆಯನ್ನ ಬದಿಗಿಡಿ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ ತೆಗೆಸಿ. ಇಸಿ ಖಾಲಿ ಬಂದರೂ ನಂಬಬೇಡಿ, ಬ್ಯಾಂಕಿನಲ್ಲಿ ಬರೀ ಪತ್ರ ಇಟ್ಟು ತಗೊಂಡ ಸಾಲ ಕೆಲವೊಮ್ಮೆ ಅದರಲ್ಲಿ ಕಾಣಲ್ಲ. ಮೂಲ ಕ್ರಯಪತ್ರವನ್ನೇ ಕಣ್ಣಾರೆ ನೋಡಿ. ಜೆರಾಕ್ಸ್ ತೋರಿಸಿದರೆ ಎದ್ದು ಬನ್ನಿ. ಸಾಲ ಇದೆ ಅಂದರೆ ಬ್ಯಾಂಕಿನಿಂದ ಬರಹದಲ್ಲಿ ಒಪ್ಪಿಗೆ ತರಲಿ. ಕರಾರು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, ಖರ್ಚು ಜಾಸ್ತಿ ಅಂತ ಓನರ್ ಎಷ್ಟೇ ಗೋಗರೆದರೂ. ಇನ್ನು ದುಡ್ಡು, ಒಂದು ರೂಪಾಯಿ ಕೂಡ ನಗದಾಗಿ ಕೊಡಬೇಡಿ. ನಾವು ಕೊಟ್ಟ 12 ಲಕ್ಷದಲ್ಲಿ 3 ಲಕ್ಷ ನಗದು, ಅದಕ್ಕೆ ಕೋರ್ಟಿನಲ್ಲಿ ತೋರಿಸೋಕೆ ನಮ್ಮ ಹತ್ತಿರ ಒಂದು ಚೂರು ಕಾಗದವೂ ಇಲ್ಲ.