ಇಂಗ್ಲೆಂಡಿಗೆ ಹೊರಟಿರೋ ಕೋಲಾರದ ತಮ್ಮನಿಗೆ

ತಮ್ಮಾ, ಕೋಲಾರದಲ್ಲಿ ರೇಡಿಯಾಲಜಿ ಎಂ.ಡಿ. ಮುಗಿಸಿದ್ದೀನಿ, ಇಂಟರ್ವೆನ್ಷನ್ (ಸ್ಕ್ಯಾನ್ ನೋಡ್ಕೊಂಡು ಸೂಜಿ, ನಳಿಕೆ ಹಾಕಿ ಚಿಕಿತ್ಸೆ ಮಾಡೋದು) ಕಲಿಯೋಕೆ ಇಂಗ್ಲೆಂಡಿಗೆ ಬರ್ತಿದ್ದೀನಿ, ಕೈಕೆಲಸ ಅಷ್ಟಾಗಿ ಮಾಡಿಲ್ಲ, ಮರ್ಯಾದೆ ಹೋಗುತ್ತಾ ಅಕ್ಕ ಅಂತ ಕೇಳಿದ್ದೀಯ. ಹೋಗಲ್ಲ ಬಿಡು. ರಕ್ತನಾಳ ಮುಚ್ಚೋ ಎಂಬೊಲೈಸೇಷನ್ ಬರುತ್ತಾ ಅಂತ ಇಲ್ಲಿ ಯಾರೂ ಮೊದಲ ದಿನವೇ ಕೇಳಲ್ಲ. ಸೂಜಿ, ವೈರು, ಸಿರಿಂಜು ಹೇಗೆ ಹಿಡೀತೀಯ ಅಂತ ನೋಡ್ತಾರೆ. ಅಷ್ಟನ್ನ ಊರಲ್ಲೇ ಪಳಗಿಸಿಕೊಂಡು ಬಾ.

ಮೊದಲು ಅಲ್ಟ್ರಾಸೌಂಡ್ ನೋಡ್ಕೊಂಡು ಸೂಜಿ ಹಾಕೋದು. ಕೋಳಿ ಎದೆಮಾಂಸದ ದಪ್ಪ ತುಂಡಿನೊಳಗೆ, ನೀರು ತುಂಬಿ ಎರಡೂ ಕಡೆ ಕಟ್ಟಿದ ರಬ್ಬರ್ ಕೊಳವೆ ತೂರಿಸಿ, ಸ್ಕ್ಯಾನ್ ಮಾಡೋ ಪ್ರೋಬಿಗೆ ಕವರ್ ಹಾಕಿ ಚುಚ್ಚು. ಅಡ್ಡಕ್ಕೆ ನೋಡುವಾಗ ಕಾಣೋ ಬಿಳಿ ಚುಕ್ಕೆ ಸೂಜಿಯ ತುದಿಯೋ ನಡುವೋ ಗೊತ್ತಾಗಲ್ಲ. ಪ್ರೋಬನ್ನ ಒಂಚೂರು ಮುಂದಕ್ಕೆ ಜರುಗಿಸು. ಚುಕ್ಕೆ ಮಾಯವಾದರೆ ನೀನು ನೋಡಿದ್ದು ತುದಿ. ಹಾಗೇ ಉಳಿದರೆ ತುದಿ ಆಗಲೇ ಮುಂದೆ ಹೋಗಿದೆ. ಇದು ಕೈಗೆ ಕೂತರೆ ಅರ್ಧ ಗೆದ್ದಂಗೆ. ತೊಡೆಸಂದಿನ ದೊಡ್ಡ ರಕ್ತನಾಳ ಫೀಮೊರಲ್ ಆರ್ಟರಿಯನ್ನ ಫೀಮೊರಲ್ ಹೆಡ್ (ತೊಡೆಮೂಳೆಯ ಗುಂಡು ತಲೆ) ಮಟ್ಟದಲ್ಲೇ ಚುಚ್ಚಬೇಕು ಅನ್ನೋದಕ್ಕೆ ಕಾರಣ ಇದೆ: ಆಮೇಲೆ ಒತ್ತಿ ಹಿಡಿಯೋಕೆ ಹಿಂದೆ ಮೂಳೆ ಬೇಕು. ಮೇಲಕ್ಕೆ ಚುಚ್ಚಿದರೆ ರಕ್ತ ಹೊಟ್ಟೆಯ ಹಿಂಭಾಗದಲ್ಲಿ ಸೇರಿಕೊಳ್ಳುತ್ತೆ, ಹೊರಗೆ ಏನೂ ಕಾಣಲ್ಲ.

ಸೂಜಿ, ಅದರೊಳಗೆ ವೈರ್, ಸೂಜಿ ಆಚೆ, ವೈರ್ ಮೇಲೆ ಕ್ಯಾತಿಟರ್ ಅನ್ನೋ ಸಣ್ಣ ನಳಿಕೆ. ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ಈ ಕ್ರಮವೇ ಇವತ್ತಿಗೂ ನಡೀತಿರೋದು. ಬಾಯಲ್ಲಿ ಸಲೀಸು. ಆದರೆ ನೀರು ಹಿಡಿಯೋ ಲೇಪದ ಹೈಡ್ರೋಫಿಲಿಕ್ ವೈರ್ ಒದ್ದೆಯಿದ್ದರೆ ಗ್ಲವ್ಸಿಂದ ಜಾರುತ್ತೆ, ಒಣಗಿದರೆ ಕ್ಯಾತಿಟರಿಗೆ ಕಚ್ಚಿಕೊಳ್ಳುತ್ತೆ. ಸಲೈನಿನಲ್ಲಿ ನೆನೆಸಿದ ಗಾಜ್ ಬಟ್ಟೆಯಿಂದ ಒರೆಸ್ತಾನೇ ಇರು. ವೈರಿನ ಹಿಂದಿನ ತುದಿ ಯಾರಾದ್ರೂ ಒಬ್ಬರ ಕೈಯಲ್ಲಿರಲೇಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯೋರ ಬೆರಳು, ಎಳೆ ಬಿಗಿಯಾದ ತಕ್ಷಣ ನಿಲ್ಲುತ್ತಲ್ಲ, ಅಂಥ ಬೆರಳು ಬೇಕು ಕಣಪ್ಪ. ತಡೆದರೆ ತಳ್ಳಬೇಡ, ಫ್ಲೋರೋ, ಅಂದರೆ ನೇರ ಎಕ್ಸ್-ರೇ, ಹಾಕಿ ನೋಡು.

ರಕ್ತನಾಳಕ್ಕೆ ತಳ್ಳುವಾಗ ಸಿರಿಂಜಿನ ಮೂತಿ ಕೆಳಗೆ, ಹಿಡಿ ಮೇಲೆ. ಗಾಳಿಗುಳ್ಳೆ ಹಿಂದಕ್ಕೆ ಏರುತ್ತೆ. ನಳಿಕೆ ದಪ್ಪದ ಅಳತೆ ಫ್ರೆಂಚ್: 3 ಫ್ರೆಂಚ್ ಅಂದರೆ 1 ಮಿಲಿಮೀಟರ್. ಶೀತ್ (ಕ್ಯಾತಿಟರ್ ತೂರಿಸೋ ಹೊರ ಕೊಳವೆ) ಮೇಲಿರೋ ಅಂಕಿ ಒಳಗಿನ ಅಳತೆಯದು, ಕ್ಯಾತಿಟರ್ ಮೇಲಿರೋದು ಹೊರಗಿನದು. ಅಷ್ಟು ಗೊತ್ತಿದ್ದರೆ ಸಾಕು.

ನಿನಗೆ ನಿಜವಾಗ್ಲೂ ಹೊಸದು ಅನ್ನಿಸೋದು ಬೇರೆ. ಕೇಸ್ ಶುರು ಮಾಡೋ ಮುಂಚೆ ಎಲ್ಲರೂ ಹೆಸರು, ಕೆಲಸ ಹೇಳಿಕೊಳ್ತಾರೆ. ದೊಡ್ಡ ಡಾಕ್ಟರನ್ನೂ ಹೆಸರು ಹಿಡಿದೇ ಕರೀತಾರೆ, ನಮ್ಮ ನಾಲಿಗೆಗೆ ಸಾರ್ ಬಿಟ್ಟು ಬೇರೆ ಬರೋಕೆ ಸುಮಾರು ದಿನ ಬೇಕು. ನಿಲ್ಲಿಸಿ ಅಂತ ನರ್ಸ್ ಅಂದರೆ ನಿಲ್ಲಿಸಬೇಕು, ಮುಖ ಊದಿಸಿಕೊಳ್ಳೋ ಹಾಗಿಲ್ಲ. ಆಗ್ತಿಲ್ಲ, ಬನ್ನಿ ಅಂತ ಬೇಗ ಕರೆಯೋನನ್ನ ಇಲ್ಲಿ ನಂಬ್ತಾರೆ.

ಎಕ್ಸ್-ರೇ ತಡೆಯೋ ಲೆಡ್ ಏಪ್ರನ್ ಕೊಂಡು ಹೊತ್ಕೊಂಡು ಬರಬೇಡ, ಆಸ್ಪತ್ರೆಯವರೇ ಕೊಡ್ತಾರೆ. ಆ ತೂಕಕ್ಕೆ ಅಮ್ಮನ ಕೈಯಲ್ಲಿ ಸಾರಿನ ಪುಡಿ ಮಾಡಿಸ್ಕೊಂಡು ಬಾ.