ಎಡಿಎಚ್‌ಡಿ: ಡಾಕ್ಟರ್ ಡೇಟ್‌ವರೆಗೆ ಓದೋದು ಹೇಗೆ?

ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸೋ ತೊಂದರೆ) ಇದೆಯಾ ಅಂತ ಡಾಕ್ಟರ್‌ಗೆ ತೋರಿಸೋ ಅಪಾಯಿಂಟ್‌ಮೆಂಟ್‌ಗೆ ಇನ್ನೂ ಎರಡು ತಿಂಗಳು, ಪರೀಕ್ಷೆ ಹತ್ತಿರ, ಹತ್ತು ನಿಮಿಷವೂ ಕೂರಕ್ಕಾಗಲ್ಲ ಅಂದಿದ್ದೀರಿ. ಹಾಗಾದ್ರೆ ಹತ್ತೇ ನಿಮಿಷಕ್ಕೆ ಟೈಮರ್ ಇಡಿ. 'ಫಿಸಿಕ್ಸ್ ಓದಬೇಕು' ಅಂತ ಬರ್ಕೊಂಡ್ರೆ ಶುರುವೇ ಆಗಲ್ಲ; 'ಪುಟ 42, ಮೂರನೇ ಲೆಕ್ಕ' ಅಂತ ಚೀಟಿ ಬರೆದು, ರಾತ್ರಿಯೇ ಆ ಪುಟ ತೆರೆದು ಮೇಲೆ ಪೆನ್ನಿಟ್ಟು ಮಲಗಿ. ಟೈಮರ್‌ಗೆ ಮೊಬೈಲ್ ಬೇಡ, ನಿಲ್ಲಿಸೋಕೆ ಹೋದ ಕೈ ರೀಲ್ಸ್‌ಗೆ ಜಾರುತ್ತೆ. ಹಳೇ ಅಲಾರಂ ಗಡಿಯಾರ ಸಾಕು. ಮಧ್ಯೆ ಬೇರೇನಾದ್ರೂ ನೆನಪಾದ್ರೆ ಪಕ್ಕದ ಹಾಳೇಲಿ ಗೀಚಿ, ಏಳಬೇಡಿ.

ಗೆಳೆಯರ ಮಾತ್ರೆ ಮಾತ್ರ ಮುಟ್ಟಬೇಡಿ. ಎಡಿಎಚ್‌ಡಿಗೆ ಕೊಡೋ ಮಿಥೈಲ್‌ಫೆನಿಡೇಟ್ ಬಿಪಿ, ಎದೆಬಡಿತ ಏರಿಸಬಲ್ಲದು. ಡೋಸ್ ಒಬ್ಬೊಬ್ಬರಿಗೆ ಒಂದೊಂದು.

ಅಪಾಯಿಂಟ್‌ಮೆಂಟ್ ದಿನ ಪ್ರೈಮರಿ ಮಾರ್ಕ್ಸ್‌ಕಾರ್ಡ್ ಒಯ್ಯಿರಿ, ಅಮ್ಮನನ್ನೂ ಕರ್ಕೊಂಡು ಹೋಗಿ: 12 ವರ್ಷಕ್ಕೆ ಮುಂಚೆಯೇ ಲಕ್ಷಣ ಇತ್ತಾ ಅಂತ ಕೇಳ್ತಾರೆ. ತೀರಾ ಕುಗ್ಗಿದಂತಾದ್ರೆ ಅಷ್ಟು ದಿನ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.