ಕಾಸರಗೋಡಿನ ನಮ್ಮ ಇಗರ್ಜಿಯ ಕ್ರಿಸ್‌ಮಸ್ ರೂಪಕದಲ್ಲಿ ಮಕ್ಕಳ ಮಾತು ಕೇಳಿಸುವುದೇ ಇಲ್ಲ, ಏಕೆ?

ಬೈಹುಲ್ಲು ಹಾಸಿದ ಗೋದಲಿಯತ್ತ ಮಗು ಬಗ್ಗಿದ ಕೂಡಲೇ ದನಿ ನೆಲಕ್ಕೆ ಹೋಗುತ್ತದೆ, ಅದಕ್ಕೇ. ಭಾಷೆಯೂ ಒಂದು ಕಾರಣ: ಮನೆಯಲ್ಲಿ ಕೊಂಕಣಿ, ಹೊರಗೆ ತುಳು, ಮಲಯಾಳ, ಬಾಯಿಪಾಠದ ಕನ್ನಡದಲ್ಲಿ ಒಂದು ಪದ ಮರೆತರೆ ಮಗು ನಿಂತೇಬಿಡುತ್ತದೆ.

ಆದ್ದರಿಂದ ದೊಡ್ಡವರೊಬ್ಬರು ಮೈಕಿನಲ್ಲಿ ಬೈಬಲಿನ ಲೂಕ 2:1–20, ಬಳಿಕ ಪೂರ್ವದ ಜ್ಞಾನಿಗಳಿಗಾಗಿ ಮತ್ತಾಯ 2:1–12 ಓದಲಿ. ಮಕ್ಕಳು ಅಭಿನಯಿಸಿದರೆ ಸಾಕು. ಓದುವವರ ಕಣ್ಣು ಮಕ್ಕಳ ಮೇಲಿರಬೇಕು. ಕುರುಬರು ಇನ್ನೂ ನಡೆಯುತ್ತಿರುವಾಗಲೇ ಮುಂದಿನ ವಚನಕ್ಕೆ ಹೋದರೆ ಎಲ್ಲ ಕೆಡುತ್ತದೆ.

ದೇವದೂತರ ರೆಕ್ಕೆ ಭುಜಕ್ಕಿಂತ ಅಗಲ ಬೇಡ, ತಿರುಗುವಾಗ ಪಕ್ಕದವರ ಕಿರೀಟ ಬೀಳುತ್ತದೆ. ದೂತರ ಸ್ತುತಿಯೊಂದನ್ನು (ಲೂಕ 2:14) ಮಾತ್ರ ಎಲ್ಲರೂ ಸೇರಿ, ಜನರತ್ತ ಮುಖ ಮಾಡಿ ಹೇಳಲಿ. ಅಷ್ಟು ಪುಟ್ಟ ಗಂಟಲು ಒಟ್ಟಾದರೆ ಕೊನೆಯ ಬೆಂಚಿಗೂ ಚೆನ್ನಾಗಿ ಕೇಳುತ್ತದೆ.